ಎರಡು ಸಾವಿರ ರೂಪಾಯಿಯೊಳಗೆ ಇಯರ್‌ಬಡ್, ಹೆಡ್‌ಫೋನ್: ದುಡ್ಡು ಯಾವುದಕ್ಕೆ ಹೋಗಬೇಕು?

ಸಾವಿರದ ಇನ್ನೂರು ರೂಪಾಯಿಯ ಯಾವುದಾದರೂ ಇಯರ್‌ಬಡ್ ಡಬ್ಬಿ ಕೈಗೆತ್ತಿಕೊಂಡು ಓದಿ ನೋಡಿ. 13 ಮಿ.ಮೀ. ಡ್ರೈವರ್, 60 ಗಂಟೆ ಪ್ಲೇಟೈಮ್, ನಾಲ್ಕು ಮೈಕ್, ಇಎನ್‌ಸಿ, ಗೇಮಿಂಗ್ ಮೋಡ್, ಐಪಿಎಕ್ಸ್5. ಆದರೆ ಅದು ನಿಮ್ಮ ಕಿವಿಯಲ್ಲಿ ನಿಲ್ಲುತ್ತದೆಯೇ, ಎರಡು ಗಂಟೆ ಹಾಕಿಕೊಂಡರೆ ನೋಯುತ್ತದೆಯೇ, ಫ್ಯಾನ್ ಕೆಳಗೆ ಕೂತು ಮಾತಾಡಿದರೆ ಆ ಕಡೆಯವರಿಗೆ ನೆಟ್ಟಗೆ ಕೇಳಿಸುತ್ತದೆಯೇ ಎನ್ನುವುದಕ್ಕೆ ಡಬ್ಬಿಯ ಮೇಲೆ ಎಲ್ಲೂ ಉತ್ತರ ಸಿಗುವುದಿಲ್ಲ. ದಿನಬಳಕೆಗೆ ಬೇಕಾಗುವುದು ಈ ಮೂರೇ.

ಕಡಿಮೆ ದುಡ್ಡಿನಲ್ಲಿ ಕೊಳ್ಳುವಾಗ ಒಂದು ಲೆಕ್ಕ ತಲೆಯಲ್ಲಿರಲಿ. ಒಂದು ಜೊತೆ ವೈರ್‌ಲೆಸ್ ಬಡ್ಸ್ ಎಂದರೆ ಎರಡು ಬ್ಲೂಟೂತ್ ಚಿಪ್, ಮೂರು ಬ್ಯಾಟರಿ (ಬಡ್‌ಗೊಂದೊಂದು, ಕೇಸಿಗೊಂದು), ಕನಿಷ್ಠ ಎರಡು ಮೈಕ್, ಚಾರ್ಜಿಂಗ್ ಸರ್ಕ್ಯೂಟು, ಮುಚ್ಚಳ, ಆಯಸ್ಕಾಂತ. 1500 ರೂಪಾಯಿ ಇಷ್ಟಕ್ಕೆಲ್ಲ ಹಂಚಿಹೋಗುತ್ತದೆ. ದನಿ ಹೊರಡಿಸುವ ಡ್ರೈವರ್‌ಗೂ ಅದರ ಶ್ರುತಿಗೂ ಉಳಿಯುವುದು ಅದರಲ್ಲಿ ಸಣ್ಣ ಪಾಲು. ಅದೇ 1500 ರೂಪಾಯಿಯ ವೈರ್ ಇಯರ್‌ಫೋನಿನಲ್ಲಿ ಡ್ರೈವರ್, ಕವಚ, ಕೇಬಲ್ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಎಲ್ಲ ಸೌಲಭ್ಯವನ್ನೂ ಒಂದರಲ್ಲೇ ಹುಡುಕುವುದಕ್ಕಿಂತ, ದಿನದಲ್ಲಿ ಹೆಚ್ಚು ಹೊತ್ತು ಯಾವ ಕೆಲಸಕ್ಕೆ ಬಳಸುತ್ತೀರೋ ಆ ಒಂದು ಕೆಲಸಕ್ಕೆ ದುಡ್ಡು ಹಾಕುವುದು ಲೇಸು.

ಕೂತಲ್ಲಿ ಕೇಳುವವರಿಗೆ ವೈರೇ ಸಾಕು

ಮೇಜಿನ ಮುಂದೆ ಕೂತು ಕೆಲಸ ಮಾಡುವವರು, ಓದುವ ಮಕ್ಕಳು, ರಾತ್ರಿ ಹಾಸಿಗೆಯಲ್ಲಿ ಹಾಡು ಕೇಳುವವರು, ಇವರಿಗೆಲ್ಲ ವೈರ್ ಇಯರ್‌ಫೋನಿಗಿಂತ ಲಾಭದ ಬೇರೆ ದಾರಿ ಇಲ್ಲ. ಚಾರ್ಜ್ ಮಾಡುವ ಗೊಡವೆ ಇಲ್ಲ, ದನಿ ತಡವಾಗಿ ಬರುವುದಿಲ್ಲ, ಮೈಕ್ ಬಾಯಿಗೆ ಹತ್ತಿರ ಇರುತ್ತದೆ. ಐನೂರು ರೂಪಾಯಿಯ ಆಸುಪಾಸಿನಲ್ಲೂ ಸೋನಿ, ಜೆಬಿಎಲ್, ರಿಯಲ್‌ಮಿಯಂಥ ಕಂಪನಿಗಳ ಬಳಸಬಹುದಾದ ಮಾದರಿಗಳು ಸಿಗುತ್ತವೆ. ಸಂಗೀತವನ್ನು ಗಮನವಿಟ್ಟು ಕೇಳುವವರು ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಐಇಎಂ, ಅಂದರೆ ಕೇಬಲನ್ನು ಕಿವಿಯ ಮೇಲಿಂದ ಹಾಯಿಸಿಕೊಂಡು ಹಾಕುವ ಇಯರ್‌ಫೋನ್ ನೋಡಬೇಕು. ಚೀನಾದ ಮೂನ್‌ಡ್ರಾಪ್ ಕಂಪನಿಯ ಚು 2, ಸೆವೆನ್‌ಹರ್ಟ್ಸ್‌ನ ಸಾಲ್ನೋಟ್ಸ್ ಝೀರೋ, ಕೆಜಡ್‌ನ ಹಲವು ಮಾದರಿಗಳು ಈ ಬೆಲೆಯಲ್ಲಿ ಬರುತ್ತವೆ. ಹತ್ತು ವರ್ಷದ ಹಿಂದೆ ಇದರ ನಾಲ್ಕೈದು ಪಟ್ಟು ಕೊಟ್ಟರೂ ಇಷ್ಟು ಹದವಾದ ದನಿ ಸುಲಭಕ್ಕೆ ಸಿಗುತ್ತಿರಲಿಲ್ಲ.

ಇವುಗಳ ದೊಡ್ಡ ಅನುಕೂಲ ಕೇಬಲ್ ಕಳಚುವುದು. ಇಯರ್‌ಫೋನ್ ಕೆಡುವುದು ಬಹುಪಾಲು ಪ್ಲಗ್ಗಿನ ಬುಡದಲ್ಲಿ ಅಥವಾ ಕಿವಿಯ ಹತ್ತಿರ ತಂತಿ ಮುರಿದು. ಕಳಚುವ ಕೇಬಲ್ ಆದರೆ ಮುನ್ನೂರು ನಾನೂರು ರೂಪಾಯಿಗೆ ಹೊಸ ಕೇಬಲ್ ಹಾಕಿ ಮುಂದುವರಿಸಬಹುದು. ಕೊಳ್ಳುವಾಗ ಪಿನ್ ನೋಡಿಕೊಳ್ಳಿ: 0.78 ಮಿ.ಮೀ.ನ ಎರಡು ಪಿನ್ ಹೆಚ್ಚು ಬಳಕೆಯಲ್ಲಿರುವುದು. ಕೆಜಡ್‌ನ ಅನೇಕ ಮಾದರಿಗಳಲ್ಲಿ ಪಿನ್ ಕೂರುವ ಜಾಗ ಕವಚದಿಂದ ಹೊರಗೆ ಚಾಚಿರುತ್ತದೆ, ಅದಕ್ಕೆ ಟೊಪ್ಪಿಯಂಥ ಮುಚ್ಚಿಕೆ ಇರುವ ಕೇಬಲ್ಲೇ ಬೇಕು. ಇನ್ನೊಂದು ವಿಷಯ, ಒಂದೇ ಮಾದರಿ ಮೈಕ್ ಇರುವುದು, ಮೈಕ್ ಇಲ್ಲದ್ದು ಎಂದು ಎರಡು ಬಗೆಯಲ್ಲಿ ಬರುತ್ತದೆ. ಬೆಲೆಯ ವ್ಯತ್ಯಾಸ ಕಡಿಮೆ. ಫೋನಿನಲ್ಲಿ ಮಾತಾಡುವುದಿದ್ದರೆ ಮೈಕ್ ಇರುವುದನ್ನೇ ಆರಿಸಿ.

ಫೋನಿನಲ್ಲಿ 3.5 ಮಿ.ಮೀ. ಜಾಕ್ ಇಲ್ಲದಿದ್ದರೆ ಟೈಪ್-ಸಿ ಡಾಂಗಲ್, ಅಂದರೆ ಚಾರ್ಜಿಂಗ್ ತೂತಿಗೆ ಚುಚ್ಚಿ ಇಯರ್‌ಫೋನ್ ಜೋಡಿಸುವ ಪುಟ್ಟ ಕೊಂಡಿ ಬೇಕು, ಮತ್ತು ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಡಾಂಗಲ್‌ನಲ್ಲಿ ಎರಡು ಜಾತಿ. ಒಂದು ಬರೀ ತಂತಿ ಜೋಡಣೆ, ಫೋನೇ ಸಿ-ಪೋರ್ಟಿನಿಂದ ಅನಲಾಗ್ ದನಿ ಕೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರ ಒಳಗೆ ಡಿಎಸಿ ಎಂಬ ಪುಟ್ಟ ಚಿಪ್ ಇದ್ದು, ಫೋನಿನಿಂದ ಬರುವ ಡಿಜಿಟಲ್ ಸಂಕೇತವನ್ನು ದನಿಯಾಗಿ ಬದಲಿಸುತ್ತದೆ. ಮೊದಲನೆಯದು ನೂರು ನೂರೈವತ್ತಕ್ಕೆ ಸಿಗುತ್ತದೆ, ಬಹಳಷ್ಟು ಫೋನುಗಳಲ್ಲಿ ಸದ್ದೇ ಮಾಡುವುದಿಲ್ಲ. ಅಂಗಡಿಯಲ್ಲಿ "ಡಿಎಸಿ ಇರುವುದು ಕೊಡಿ" ಎಂದು ಬಾಯಿಬಿಟ್ಟು ಕೇಳಿ, ನಿಮ್ಮ ಫೋನಿಗೇ ಚುಚ್ಚಿ ನೋಡಿ. ಆ್ಯಪಲ್‌ನ ಟೈಪ್-ಸಿ ಡಾಂಗಲ್ ಒಳ್ಳೆಯದು, ಆದರೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ದನಿ ತುಂಬ ಮೆಲ್ಲಗೆ ಬರುತ್ತದೆ.

ಪ್ಲಗ್ಗಿನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಮೈಕ್ ಇದೆ, ಎರಡೇ ಇದ್ದರೆ ಇಲ್ಲ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮೈಕ್‌ಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತು ಇರುತ್ತದೆ. ಮೂರು ಗೆರೆಯ ಪ್ಲಗ್ಗನ್ನು ಅಲ್ಲಿ ಬಳಸಲು ಒಂದರಿಂದ ಎರಡಾಗುವ ವೈ-ಸ್ಪ್ಲಿಟರ್ ಬೇಕು. ಅದಿಲ್ಲದೆ ಮೈಕ್ ಕೆಟ್ಟಿದೆ ಎಂದು ಇಯರ್‌ಫೋನ್ ವಾಪಸ್ ಮಾಡುವವರು ಎಷ್ಟೋ ಜನ.

ನೆಕ್‌ಬ್ಯಾಂಡ್ ಯಾಕೆ ಇನ್ನೂ ಒಳ್ಳೆಯದು

ಬಸ್ಸಿನಲ್ಲಿ, ಮೆಟ್ರೋದಲ್ಲಿ ಓಡಾಡುತ್ತ ದಿನಕ್ಕೆ ಹತ್ತಾರು ಕರೆ ಮಾತಾಡುವವರಿಗೆ ನೆಕ್‌ಬ್ಯಾಂಡ್, ಅಂದರೆ ಕುತ್ತಿಗೆಯ ಪಟ್ಟಿಯಿಂದ ಎರಡೂ ಕಿವಿಗೆ ತಂತಿ ಹೋಗುವ ಬ್ಲೂಟೂತ್ ಇಯರ್‌ಫೋನ್ ಹೇಳಿಮಾಡಿಸಿದ್ದು. ಬಡ್‌ನೊಳಗಿನ ಬ್ಯಾಟರಿ ಸಾಮಾನ್ಯವಾಗಿ 30ರಿಂದ 50 ಎಂಎಎಚ್. ನೆಕ್‌ಬ್ಯಾಂಡಿನಲ್ಲಿ 150ರಿಂದ 250 ಎಂಎಎಚ್ ತನಕ ಹಿಡಿಸುತ್ತದೆ. ಬೆಳಿಗ್ಗೆ ಹಾಕಿಕೊಂಡರೆ ಸಂಜೆವರೆಗೆ ಯೋಚನೆ ಇಲ್ಲ. ಕಿವಿಯಿಂದ ಜಾರಿದರೆ ಚರಂಡಿಗೆ ಬೀಳದೆ ಎದೆಯ ಮೇಲೆ ನಿಲ್ಲುತ್ತದೆ. ಕರೆ ಬಂದರೆ ಕುತ್ತಿಗೆಯಲ್ಲಿ ನಡುಗಿ ತಿಳಿಸುತ್ತದೆ. ಒತ್ತುವ ಗುಂಡಿ ಇರುವುದರಿಂದ ಒದ್ದೆ ಕೈಯಲ್ಲೂ ಎತ್ತಬಹುದು. ಸಾವಿರದಿಂದ ಒಂದೂವರೆ ಸಾವಿರಕ್ಕೆ ಚೆನ್ನಾಗಿರುವುದು ಸಿಗುತ್ತದೆ. ವಯಸ್ಸಾದ ಅಪ್ಪ ಅಮ್ಮನಿಗೆ ಕೊಡುವುದಿದ್ದರೆ ಬಡ್ಸ್‌ಗಿಂತ ಇದೇ ವಾಸಿ. ಮುಟ್ಟಿದರೆ ಕರೆ ಕಟ್ಟಾಗುವ ಟಚ್ ಬಡ್ಸ್ ಅವರಿಗೆ ಕಿರಿಕಿರಿ.

ಕೊಳ್ಳುವ ಮುಂಚೆ ಒಂದು ನೋಡಬೇಕು: ಮೈಕ್ ಎಲ್ಲಿದೆ? ಕುತ್ತಿಗೆಯ ಪಟ್ಟಿಯ ತುದಿಯಲ್ಲಿದ್ದರೆ ಅಂಗಿಯ ಕಾಲರ್, ದುಪಟ್ಟಾ, ಸೆರಗು ಉಜ್ಜಿ ಆ ಕಡೆಯವರಿಗೆ ಬರೀ ಪರಪರ ಸದ್ದು ಹೋಗುತ್ತದೆ. ಕಿವಿಗೆ ಹೋಗುವ ತಂತಿಯ ಮೇಲೆ, ಗಲ್ಲದ ಹತ್ತಿರ ಮೈಕ್ ಇರುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ.

ಕಿವಿಗೆ ಕೂರುವುದು ಎಲ್ಲಕ್ಕಿಂತ ಮೊದಲು

ಹೊಸ ಇಯರ್‌ಬಡ್ ಹಾಕಿಕೊಂಡು "ಬೇಸ್ ಇಲ್ಲ, ಡಬ್ಬದ ಸದ್ದು" ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ವಸ್ತುವಿನದ್ದಲ್ಲ, ರಬ್ಬರ್ ತುದಿಯದ್ದು. ಡ್ರೈವರ್ ಪುಟ್ಟದು, ಅದು ಕಿವಿಯ ನಾಳದೊಳಗಿನ ಗಾಳಿಯನ್ನು ಅಲುಗಿಸಿ ದನಿ ಕೇಳಿಸುತ್ತದೆ. ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಮಂದ್ರದ ಒತ್ತಡ ಅಲ್ಲೇ ಸೋರಿಹೋಗುತ್ತದೆ, ಉಳಿಯುವುದು ಚೂಪು ದನಿ ಮಾತ್ರ.

ಇದನ್ನು ಪರೀಕ್ಷಿಸಲು ತಂಬೂರಿಯ ಶ್ರುತಿಗಿಂತ ಒಳ್ಳೆಯ ಸಾಧನ ನಮ್ಮಲ್ಲಿ ಇನ್ನೊಂದಿಲ್ಲ. ಯಾವುದಾದರೂ ಶ್ರುತಿ ಆ್ಯಪ್‌ನಲ್ಲಿ ಗಂಡಸರ ಶ್ರುತಿ, ಒಂದು ಅಥವಾ ಒಂದೂವರೆ ಮನೆಗೆ (C ಅಥವಾ C#) ಇಟ್ಟು ಬಿಡಿ. ನಾಲ್ಕು ತಂತಿಯಲ್ಲಿ ಪಂಚಮ, ಎರಡು ಸಾರಣೆ ಆದಮೇಲೆ ಕೊನೆಗೆ ಬರುವ ಮಂದ್ರ ಷಡ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ ದನಿಯ ತಂತಿಗೆ ಕಿವಿಗೊಡಿ. ತುದಿ ಸರಿಯಾಗಿ ಕೂತಿದ್ದರೆ ಆ ತಂತಿ ತಲೆಯ ನಡುವೆ ದುಂಡಗೆ ತುಂಬಿಕೊಳ್ಳುತ್ತದೆ. ಸೋರುತ್ತಿದ್ದರೆ ತಂತಿ ಮೀಟಿದ ಝೇಂಕಾರ ಮಾತ್ರ ಕೇಳಿ, ಬುಡ ಕೇಳುವುದಿಲ್ಲ. ಈಗ ಬೆರಳಿನಿಂದ ಬಡ್ ಅನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಮಾತ್ರ ಮಂದ್ರ ಬಂದು ಬಿಟ್ಟ ಕೂಡಲೇ ಹೋದರೆ ಒಂದು ಸೈಜು ದೊಡ್ಡ ತುದಿ ಹಾಕಿ. ಎಡಬಲ ಎರಡೂ ಕಿವಿಗೆ ಬೇರೆ ಬೇರೆಯಾಗಿ ಮಾಡಿ ನೋಡಿ. ಒಂದು ಕಿವಿಗೆ ಮೀಡಿಯಂ, ಇನ್ನೊಂದಕ್ಕೆ ಲಾರ್ಜ್ ಬೇಕಾಗುವುದು ತೀರಾ ಸಾಮಾನ್ಯ.

ಹಾಕುವ ಕ್ರಮವೂ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ನಾಳ ನೆಟ್ಟಗಾಗುತ್ತದೆ. ಬಡ್ ಒಳಗಿಟ್ಟು, ಸ್ವಲ್ಪ ತಿರುಗಿಸಿ, ಕಿವಿ ಬಿಡಿ. ಯಾವ ಸಿಲಿಕೋನ್ ತುದಿಯೂ ಹೊಂದದಿದ್ದರೆ ಫೋಮ್ ತುದಿ ತರಿಸಿ. ಅದನ್ನು ಬೆರಳಲ್ಲಿ ಹೊಸೆದು ಸಣ್ಣದು ಮಾಡಿ ಒಳಗಿಟ್ಟು, ಉಬ್ಬುವ ತನಕ ಹದಿನೈದು ಇಪ್ಪತ್ತು ಸೆಕೆಂಡು ಹಿಡಿದುಕೊಳ್ಳಬೇಕು. ಫೋಮ್ ಬೆವರಿಗೆ ಬೇಗ ಹಾಳಾಗುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಬಡ್ಸ್‌ಗೆ ಹೊರಗಿನ ತುದಿ ಹಾಕುವಾಗ ಉದ್ದ ನೋಡಿ. ಉದ್ದವಾದರೆ ಬಡ್ ಕೇಸಿನೊಳಗೆ ಪೂರ್ತಿ ಕೂರದೆ ಪಿನ್ ಮುಟ್ಟುವುದಿಲ್ಲ, ಬೆಳಿಗ್ಗೆ ನೋಡಿದರೆ ಒಂದು ಕಡೆ ಚಾರ್ಜೇ ಆಗಿರುವುದಿಲ್ಲ.

ರಬ್ಬರ್ ತುದಿಯೇ ಇಲ್ಲದೆ ಕಿವಿಯ ಹೊರಬಾಯಿಯಲ್ಲಿ ತೂಗುವ ಬಡ್ಸ್ ಕೂಡ ಇವೆ. ಹಗುರ, ಹೊರಗಿನ ಸದ್ದು ಕೇಳಿಸುತ್ತದೆ, ಕಚೇರಿಯಲ್ಲಿ ಯಾರಾದರೂ ಕರೆದರೆ ಗೊತ್ತಾಗುತ್ತದೆ. ಆದರೆ ಬಸ್ಸಿನ ಸದ್ದಿನ ಮಧ್ಯೆ ಅದರಲ್ಲಿ ಹಾಡು ಕೇಳಬೇಕಾದರೆ ದನಿಯನ್ನು ತುಂಬ ಏರಿಸಬೇಕಾಗುತ್ತದೆ. ಕಿವಿಗೆ ಅದು ಒಳ್ಳೆಯದಲ್ಲ.

ಎಎನ್‌ಸಿ ಬೇರೆ, ಇಎನ್‌ಸಿ ಬೇರೆ

ಎಎನ್‌ಸಿ ನಿಮ್ಮ ಕಿವಿಗೆ ಬರುವ ಹೊರಗಿನ ಸದ್ದನ್ನು ಕುಗ್ಗಿಸುತ್ತದೆ. ಇಎನ್‌ಸಿ ನಿಮ್ಮ ಮೈಕ್‌ಗೆ ಬೀಳುವ ಸದ್ದನ್ನು ಕಳೆದು ಆ ಕಡೆಯವರಿಗೆ ಮಾತು ಮಾತ್ರ ಕಳಿಸಲು ನೋಡುತ್ತದೆ. ನಿಮ್ಮ ಕಿವಿಗೆ ಇಎನ್‌ಸಿಯಿಂದ ಏನೇನೂ ಉಪಯೋಗವಿಲ್ಲ. ಡಬ್ಬಿಯ ಮೇಲೆ "ನಾಯ್ಸ್ ಕ್ಯಾನ್ಸಲೇಶನ್" ಎಂದು ದೊಡ್ಡದಾಗಿ ಬರೆದು ಹಿಂದೆ ಸಣ್ಣಕ್ಷರದಲ್ಲಿ ಇಎನ್‌ಸಿ ಎಂದಿರುವುದು ಈ ಬೆಲೆಯಲ್ಲಿ ಬಹಳ. ಅದನ್ನು ನೋಡಿಯೇ ದುಡ್ಡು ಕೊಡಿ.

ಎಎನ್‌ಸಿ ಹಿಡಿಯುವುದು ಒಂದೇ ಸಮನೆ ಬರುವ ಮಂದ್ರ ಸದ್ದನ್ನು: ಬಸ್ಸಿನ ಇಂಜಿನ್, ಏಸಿ, ವಿಮಾನದ ಗುಂಯ್‌ಗುಟ್ಟುವಿಕೆ. ಹೊರಗಿನ ಮೈಕ್ ಆ ಸದ್ದನ್ನು ಕೇಳಿ ಅದರ ತಿರುವುಮುರುವು ಅಲೆಯನ್ನು ಒಳಗೆ ಬಿಡುತ್ತದೆ, ಎರಡೂ ಒಂದನ್ನೊಂದು ಕಳೆಯುತ್ತವೆ. ಹಾರ್ನ್, ಪಾತ್ರೆ ಸದ್ದು, ಪಕ್ಕದವರ ಮಾತು ಇದ್ದಕ್ಕಿದ್ದಂತೆ ಬದಲಾಗುವುದರಿಂದ ಅಷ್ಟು ಬೇಗ ಲೆಕ್ಕ ಹಾಕಲಾಗುವುದಿಲ್ಲ. ಅವನ್ನು ತಡೆಯುವುದು ಸರಿಯಾಗಿ ಕೂತ ರಬ್ಬರ್ ತುದಿಯೇ. "32 ಡೆಸಿಬೆಲ್ ಎಎನ್‌ಸಿ" ಎಂಬ ಅಂಕಿ ಯಾವುದೋ ಒಂದು ಮಂದ್ರ ಸ್ಥಾಯಿಯಲ್ಲಿ ಸಿಕ್ಕ ಅತಿ ಹೆಚ್ಚಿನ ಅಳತೆ, ಎಲ್ಲ ಸದ್ದಿಗೂ ಅನ್ವಯಿಸುವುದಲ್ಲ. ದಿನಾ ಒಂದು ಗಂಟೆಗಿಂತ ಹೆಚ್ಚು ಬಸ್ಸಿನಲ್ಲಿ ಕೂರುವವರಿಗೆ ಎಎನ್‌ಸಿ ನಿಜಕ್ಕೂ ಬೇಕು, ಅವರು ಎರಡು ಸಾವಿರದ ಗೆರೆ ದಾಟಿ ಐನೂರು ರೂಪಾಯಿ ಹೆಚ್ಚು ಹಾಕಿದರೂ ದಂಡವಲ್ಲ. ಮನೆಯಲ್ಲೇ ಇರುವವರಿಗೆ ಅದರ ಅಗತ್ಯ ಕಾಣೆ.

ಮಾತಾಡುವುದಕ್ಕೆ

ಬಡ್‌ನ ಮೈಕ್ ಬಾಯಿಂದ ಹತ್ತು ಹನ್ನೆರಡು ಸೆಂಟಿಮೀಟರ್ ದೂರ, ಕಿವಿಯ ಬಳಿ ಇರುತ್ತದೆ. ಗಾಳಿ ಬೀಸಿದರೆ, ಫ್ಯಾನ್ ತಿರುಗಿದರೆ ಇಎನ್‌ಸಿ ಆ ಸದ್ದಿನ ಜೊತೆ ಮಾತಿನ ಕೊನೆಯನ್ನೂ ಕತ್ತರಿಸುತ್ತದೆ. ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ ಎಂದು ಆ ಕಡೆಯವರು ಹೇಳುವುದು ಇದಕ್ಕೇ. ಕಿವಿಯಿಂದ ಕೆಳಕ್ಕೆ ಕಡ್ಡಿಯಂತೆ ಇಳಿದಿರುವ ಬಡ್ಸ್‌ನಲ್ಲಿ ಮೈಕ್ ಆ ಕಡ್ಡಿಯ ತುದಿಗೆ ಇರುವುದರಿಂದ ಉರುಟು ಬಡ್ಸ್‌ಗಿಂತ ಮಾತು ಸ್ವಲ್ಪ ಸ್ಪಷ್ಟ.

ಲ್ಯಾಪ್‌ಟಾಪ್‌ಗೆ ಬ್ಲೂಟೂತ್ ಬಡ್ಸ್ ಜೋಡಿಸಿ ಮೀಟಿಂಗ್ ಶುರುಮಾಡಿದ ಕೂಡಲೇ ದನಿ ಹಳೇ ಲ್ಯಾಂಡ್‌ಲೈನಿನಂತಾಗುತ್ತದೆ. ಬಡ್ಸ್ ಕೆಟ್ಟಿಲ್ಲ. ಹಾಡು ಕೇಳುವಾಗ ಬ್ಲೂಟೂತ್ ಬಳಸುವ ದಾರಿಯಲ್ಲಿ ದನಿ ಒಂದೇ ಕಡೆಗೆ ಹೋಗುತ್ತದೆ. ಮೈಕ್ ತೆರೆದರೆ ಹ್ಯಾಂಡ್ಸ್‌ಫ್ರೀ ಎಂಬ ಬೇರೆ ದಾರಿಗೆ ಬದಲಾಗುತ್ತದೆ, ಅಲ್ಲಿ ಹೋಗುವ ಬರುವ ಎರಡೂ ದನಿಗೆ ಸಿಗುವ ಜಾಗ ತೀರಾ ಕಿರಿದು, ಸ್ಟೀರಿಯೋ ಕೂಡ ಹೋಗುತ್ತದೆ. ಪರಿಹಾರ ಸುಲಭ. ಜೂಮ್, ಟೀಮ್ಸ್, ಮೀಟ್ ಯಾವುದೇ ಇರಲಿ, ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಸ್ಪೀಕರ್ ಎಂಬಲ್ಲಿ ಬಡ್ಸ್ ಇರಲಿ, ಮೈಕ್ರೋಫೋನ್ ಎಂಬಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಮೈಕ್ ಆರಿಸಿ. ವಿಂಡೋಸ್ 10ರಲ್ಲಿ ಒಂದೇ ಬಡ್ಸ್ ಎರಡು ಹೆಸರಲ್ಲಿ ಕಾಣುತ್ತದೆ. ಸ್ಟೀರಿಯೋ ಎಂದಿರುವುದನ್ನು ಆರಿಸಿ, ಹ್ಯಾಂಡ್ಸ್‌ಫ್ರೀ ಎಂದಿರುವುದನ್ನು ಬಿಡಿ.

ಆನ್‌ಲೈನ್ ಸಂಗೀತ ಪಾಠದವರಿಗೆ ಇನ್ನೊಂದು ಮಾತು. ಹೊರದೇಶದಲ್ಲಿರುವ ಎಷ್ಟೋ ಕನ್ನಡದ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳ ಬಳಿ ಹೀಗೆ ಕಲಿಯುತ್ತಿದ್ದಾರೆ. ಬ್ಲೂಟೂತ್ ಬಡ್ಸ್‌ನ ಇಎನ್‌ಸಿಗೆ ಮನುಷ್ಯರ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಗದ್ದಲವೇ. ಒಂದೇ ಸಮನೆ ಮೊಳಗುವ ತಂಬೂರಿಯನ್ನು ಅದು ಫ್ಯಾನಿನ ಸದ್ದೆಂದು ಎಣಿಸಿ ಅಳಿಸಿಬಿಡುತ್ತದೆ, ದೀರ್ಘವಾಗಿ ಹಿಡಿದ ಷಡ್ಜವೂ ನಡುನಡುವೆ ಮಾಯವಾಗುತ್ತದೆ. ಗುರುಗಳಿಗೆ ಮಗು ಶ್ರುತಿ ತಪ್ಪಿತೋ, ದನಿಯೇ ಬರಲಿಲ್ಲವೋ ತಿಳಿಯದು. ಇಲ್ಲಿ ವೈರ್ ಇಯರ್‌ಫೋನ್ ಹಾಕಿಕೊಂಡು, ಜೂಮ್‌ನಲ್ಲಿ ಸಂಗೀತಗಾರರಿಗೆಂದೇ ಇರುವ "ಒರಿಜಿನಲ್ ಸೌಂಡ್" ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕು. ಸಾವಿರಗಟ್ಟಲೆಯ ಬಡ್ಸ್‌ಗಿಂತ ಆರುನೂರು ರೂಪಾಯಿಯ ವೈರ್ ಇಲ್ಲಿ ಗೆಲ್ಲುತ್ತದೆ.

ಡಬ್ಬಿಯ ಮೇಲಿನ ಉಳಿದ ಅಂಕಿಗಳು

ಡ್ರೈವರ್‌ನ ಮಿಲಿಮೀಟರ್ ದೊಡ್ಡದಾದರೆ ದನಿ ಚೆನ್ನ ಎಂದೇನೂ ಇಲ್ಲ. ಹೇಗೆ ಶ್ರುತಿಗೊಳಿಸಿದ್ದಾರೆ ಎನ್ನುವುದೇ ಮುಖ್ಯ. ಈ ಬೆಲೆಯ ಬಹುತೇಕ ಮಾದರಿಗಳಲ್ಲಿ ಬೇಸ್ ಉಬ್ಬಿಸಿ, ಚೂಪನ್ನೂ ಏರಿಸಿ, ನಡುವಿನ ಕಂಠದ ಭಾಗವನ್ನು ತಗ್ಗಿಸಿರುತ್ತಾರೆ. ಸಿನಿಮಾ ಹಾಡಿಗೆ ಅದು ಹಿತ ಅನಿಸಬಹುದು. ಭಾವಗೀತೆ, ಕಛೇರಿ, ಆಕಾಶವಾಣಿಯ ವಾರ್ತೆ ಕೇಳುವವರಿಗೆ ಮಾತು ಹಿಂದೆ ಸರಿದಂತೆ ಕೇಳುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಈಕ್ವಲೈಜರ್ (ಬೇಸ್, ಕಂಠ, ಚೂಪು ದನಿಯನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗೀಟುಗಳು) ಇದ್ದರೆ ಎಡಗಡೆಯ, ಅಂದರೆ ಬೇಸಿನ ಒಂದೆರಡು ಗೀಟುಗಳನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಏರಿಸುವುದಕ್ಕಿಂತ ಇಳಿಸಿ ಸರಿಮಾಡುವುದು ಮೇಲು, ದನಿ ಒಡೆಯುವುದಿಲ್ಲ. ಚಂಡೆಯ ಪೆಟ್ಟು ಕಿವಿಗೆ ಚುಚ್ಚಿದಂತಾದರೆ ಬಲಗಡೆಯ ಗೀಟುಗಳನ್ನೂ ಎರಡು ಇಳಿಸಬಹುದು.

ಪ್ಲೇಟೈಮ್ 60 ಗಂಟೆ ಎಂದರೆ ಕೇಸಿನ ಚಾರ್ಜನ್ನೂ ಕೂಡಿಸಿದ ಲೆಕ್ಕ. ನಿಮಗೆ ಬೇಕಾದ್ದು ಒಂದು ಸಲ ಕಿವಿಗೆ ಹಾಕಿದರೆ ಎಷ್ಟು ಹೊತ್ತು ಎಂಬುದು. ಕಂಪನಿಗಳು ಅದನ್ನು ಸಾಮಾನ್ಯವಾಗಿ ಅರ್ಧದಷ್ಟು ದನಿಯಲ್ಲಿ, ಎಎನ್‌ಸಿ ಇಲ್ಲದೆ ಅಳೆಯುತ್ತವೆ. ಕರೆಯಲ್ಲಿ ಮೈಕ್ ಕೂಡ ನಡೆಯುವುದರಿಂದ ಇನ್ನೂ ಬೇಗ ಇಳಿಯುತ್ತದೆ. ಎರಡು ಮೂರು ವರ್ಷ ದಿನಾ ಬಳಸಿದ ಮೇಲೆ ಬಡ್ಸ್‌ನ ಬ್ಯಾಟರಿ ದಣಿಯುತ್ತದೆ, ಬದಲಿಸುವುದು ಬಹುಪಾಲು ಆಗದ ಮಾತು. ವೈರ್‌ಗೆ ಈ ಆಯುಸ್ಸಿನ ಗಡಿ ಇಲ್ಲ. ಬೆಲೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ.

ಕೋಡೆಕ್, ಅಂದರೆ ಬ್ಲೂಟೂತ್‌ನಲ್ಲಿ ಕಳಿಸಲು ದನಿಯನ್ನು ಕುಗ್ಗಿಸುವ ವಿಧಾನ, ಇದರ ವಿಷಯ ಬೇಗ ಮುಗಿಸಬಹುದು. ಎಸ್‌ಬಿಸಿ ಹಾಡು ಕೇಳಿಸುವ ಮಾಮೂಲು ಬ್ಲೂಟೂತ್ ಸಾಧನದಲ್ಲೆಲ್ಲ ಇರಲೇಬೇಕಾದ್ದು. ಐಫೋನ್ ಇದ್ದರೆ ಎಎಸಿ ಇರುವ ಬಡ್ಸ್ ನೋಡಿ. ಎಲ್‌ಡಿಎಸಿ ದನಿಯ ವಿವರವನ್ನು ಹೆಚ್ಚು ಕಳಿಸುತ್ತದೆ (990 ಕೆಬಿಪಿಎಸ್ ತನಕ), ಆದರೆ ಜನಸಂದಣಿಯಲ್ಲಿ ಕಡಿತವೂ ಹೆಚ್ಚು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಎರಡು ಸಾವಿರದ ಬಡ್ಸ್‌ನಲ್ಲಿ ಅದಕ್ಕೆಂದೇ ಹೆಚ್ಚು ಕೊಡುವುದು ಬೇಡ.

ಬ್ಲೂಟೂತ್‌ನಲ್ಲಿ ದನಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗುವುದು ಮಾಮೂಲು. ವಿಡಿಯೋ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸುತ್ತವೆ, ಆಟಗಳು ಮಾಡುವುದಿಲ್ಲ. ಗೇಮಿಂಗ್ ಮೋಡ್ ಆ ತಡವನ್ನು ಕಡಿಮೆ ಮಾಡುತ್ತದೆ, ಆದರೆ ದನಿ ಕಡಿಯುವ ಸಂಭವ ಹೆಚ್ಚು.

ಐಪಿಎಕ್ಸ್4 ಎಂದರೆ ಎರಚಿದ ನೀರು, ಬೆವರಿಗೆ ಅಂಜಿಕೆ ಇಲ್ಲ. ಐಪಿಎಕ್ಸ್5 ಪಿಚಕಾರಿಯಂಥ ನೀರು. ಐಪಿಎಕ್ಸ್7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಎಕ್ಸ್ ಎಂದಿರುವಲ್ಲಿ ದೂಳಿನ ಅಳತೆ ಹೇಳಿಲ್ಲ ಎಂದರ್ಥ. ಈ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಬೆವರಿನ ಉಪ್ಪು ಚಾರ್ಜಿಂಗ್ ಪಿನ್ನುಗಳನ್ನು ತಿನ್ನುತ್ತದೆ. ಕೇಸಿಗೆ ಹೆಚ್ಚಿನ ಮಾದರಿಗಳಲ್ಲಿ ಯಾವ ರಕ್ಷಣೆಯೂ ಇರುವುದಿಲ್ಲ, ಆದ್ದರಿಂದ ಮಳೆಯಲ್ಲಿ ನೆನೆದ ಬಡ್ಸನ್ನು ಒರೆಸದೆ ಕೇಸಿಗಿಡಬೇಡಿ.

ತಲೆಗೆ ಹಾಕುವ ಹೆಡ್‌ಫೋನ್

ಕಿವಿಯೊಳಗೆ ಏನನ್ನೂ ಇಡಲಾಗದವರಿಗೆ ಇದೇ ದಾರಿ. ಕಿವಿಯ ಮೇಲೆ ಒತ್ತುವ ಪುಟ್ಟ ಗಾತ್ರದವು ಕನ್ನಡಕದವರಿಗೆ ಆಗುವುದಿಲ್ಲ, ಅರ್ಧ ಗಂಟೆಗೆ ಕಡ್ಡಿ ಒತ್ತಿ ನೋವು ಶುರು. ಇಡೀ ಕಿವಿಯನ್ನು ಸುತ್ತುವರಿಯುವ, ತೂಕ 250 ಗ್ರಾಮಿನೊಳಗಿರುವ ಮಾದರಿ ನೋಡಿ. ಮಂಗಳೂರು, ಕಾರವಾರದ ಸೆಕೆಗೆ, ರಾಯಚೂರಿನ ಬಿಸಿಲಿಗೆ ರೆಕ್ಸಿನ್ ಮೆತ್ತೆ ಒಳಗೆಲ್ಲ ಬೆವರಿ, ಒಂದೆರಡು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಬಟ್ಟೆಯ ಮೆತ್ತೆ ಹಿತ, ಸದ್ದು ತಡೆಯುವುದು ಸ್ವಲ್ಪ ಕಡಿಮೆ. ಮೆತ್ತೆ ಕಳಚಿ ಬದಲಿಸಬಹುದೇ ಎಂದು ಕೊಳ್ಳುವಾಗಲೇ ತಿಳಿದುಕೊಳ್ಳಿ. 3.5 ಮಿ.ಮೀ. ತಂತಿ ಚುಚ್ಚುವ ಅವಕಾಶವಿರುವ ಬ್ಲೂಟೂತ್ ಹೆಡ್‌ಫೋನ್ ಆದರೆ ಚಾರ್ಜ್ ಮುಗಿದರೂ ಬಳಸಬಹುದು.

ಎಷ್ಟು ಜೋರು, ಎಷ್ಟು ಹೊತ್ತು

ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಗದ್ದಲದ ಬಸ್ಸಿನಲ್ಲಿ ಸೋರುವ ತುದಿ ಹಾಕಿಕೊಂಡು ಹಾಡು ಕೇಳುವವರು ಈ ಮಿತಿಯನ್ನು ತಿಳಿಯದೆ ದಾಟುತ್ತಾರೆ, ಯಾಕೆಂದರೆ ಹೊರಗಿನ ಸದ್ದನ್ನು ಮೀರಿಸಲು ದನಿ ಏರಿಸುತ್ತ ಹೋಗುತ್ತಾರೆ. ತುದಿ ಸರಿಯಾಗಿ ಕೂತರೆ ದನಿಯನ್ನು ತಾವಾಗಿಯೇ ಇಳಿಸುತ್ತಾರೆ. ಐಫೋನಿನಲ್ಲಿ ಜೋರು ದನಿ ತಗ್ಗಿಸುವ ಮಿತಿ ಇಡಬಹುದು, ಸ್ಯಾಮ್‌ಸಂಗ್ ಫೋನುಗಳಲ್ಲೂ ಮೀಡಿಯಾ ವಾಲ್ಯೂಮ್ ಮಿತಿ ಇದೆ. ಮಕ್ಕಳ ಫೋನಿನಲ್ಲಿ ಅದನ್ನು ಇಟ್ಟು ಪಿನ್ ಹಾಕಿ. ಗಾಡಿ ಓಡಿಸುವಾಗ ಎರಡೂ ಕಿವಿ ಮುಚ್ಚುವುದು ಯಾವ ದರದ ಬಡ್ಸ್‌ನಲ್ಲೂ ಬೇಡ.

ಕೊಳ್ಳುವ ದಿನ, ಮತ್ತೆ ಮೊದಲ ವಾರ

ಡಬ್ಬಿಯ ಮೇಲೆ ಎಂಆರ್‌ಪಿ ಪಕ್ಕದಲ್ಲಿ ತಯಾರಾದ ತಿಂಗಳು, ವರ್ಷ, ಕಂಪನಿಯ ವಿಳಾಸ, ಗ್ರಾಹಕರ ಸಹಾಯದ ಸಂಖ್ಯೆ ಇರಲೇಬೇಕು. ತಿಂಗಳು ನೋಡುವುದು ಕಾಲಹರಣವಲ್ಲ. ಎರಡು ವರ್ಷ ಗೋದಾಮಿನಲ್ಲಿ ಕೂತ ಲಿಥಿಯಂ ಬ್ಯಾಟರಿ ಹೊಸ ಡಬ್ಬಿಯಲ್ಲೇ ಮುದಿಯಾಗಿರುತ್ತದೆ. ವೈರ್‌ಲೆಸ್ ಇಯರ್‌ಫೋನ್, ಹೆಡ್‌ಫೋನಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಾರ್ಖಾನೆಯ ಯಾವ ಬ್ರ್ಯಾಂಡಿಗೆ ಕೊಟ್ಟಿದ್ದು ಎಂದು ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರ ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಾಗಲಿ, ದೊಡ್ಡ ಹೆಸರಿನ ಬಡ್ಸ್ ತೀರಾ ಅಗ್ಗಕ್ಕೆ ಸಿಕ್ಕರೆ ಅಲ್ಲೇ ನಿಂತು ಇದನ್ನು ನೋಡಿ. ಜಿಎಸ್‌ಟಿ ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ವಾರಂಟಿಗೆ ಕೇಳುವುದು ಅದನ್ನೇ.

ಆನ್‌ಲೈನ್‌ನಲ್ಲಿ ಬಹಳ ಕಡೆ ಇಯರ್‌ಫೋನಿಗೆ ಏಳು ದಿನದ ಬದಲಾವಣೆ ಮಾತ್ರ, ದುಡ್ಡು ವಾಪಸ್ಸಿಲ್ಲ. ಆ ಏಳು ದಿನದೊಳಗೆ ಪರೀಕ್ಷೆ ಮುಗಿಸಿ. ಮೊದಲು ಎರಡನ್ನೂ ಪೂರ್ತಿ ಚಾರ್ಜ್ ಮಾಡಿ, ಒಂದೇ ಸಲ ತೆಗೆದು, ಯಾವ ಕಡೆಯದು ಮೊದಲು ಸಾಯುತ್ತದೆ ನೋಡಿ. ಅರ್ಧ ಗಂಟೆಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬದಲಾಯಿಸಿ. ಫೋನನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿ ನಡೆಯಿರಿ. ನಮ್ಮ ಮೈಯಲ್ಲಿನ ನೀರು ಬ್ಲೂಟೂತ್ ಅಲೆಯನ್ನು ಹೀರುತ್ತದೆ, ಆಂಟೆನಾ ಕಳಪೆಯಿದ್ದರೆ ಇಲ್ಲೇ ಕಡಿತ ಕಾಣುತ್ತದೆ. ಫ್ಯಾನ್ ಕೆಳಗೊಮ್ಮೆ, ರಸ್ತೆಬದಿಯಲ್ಲೊಮ್ಮೆ ಮನೆಯವರಿಗೆ ಕರೆ ಮಾಡಿ ಹೇಗೆ ಕೇಳಿತು ಕೇಳಿ. ಎರಡು ಗಂಟೆ ಬಿಡದೆ ಹಾಕಿಕೊಂಡು ಕೂರಿ, ಊಟವನ್ನೂ ಮಾಡಿ. ಅಗಿಯುವಾಗ ದವಡೆ ಅಲುಗಿ ಬಡ್ ಸಡಿಲಾದರೆ ತುದಿ ಬದಲಿಸಬೇಕು.

ಕೆಟ್ಟಿತು ಅನ್ನುವ ಮುಂಚೆ

ಒಂದು ಕಡೆ ದನಿ ಕ್ರಮೇಣ ಮೆಲ್ಲಗಾದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಜಾಲರಿಗೆ ಕೂತ ಕಿವಿಯ ಗುಗ್ಗೆ. ರಬ್ಬರ್ ತುದಿ ತೆಗೆದು, ಜಾಲರಿ ಕೆಳಮುಖ ಮಾಡಿ ಹಿಡಿದು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ. ಕೆಳಮುಖವೇ ಯಾಕೆಂದರೆ ಉದುರಿದ್ದು ಒಳಗೆ ಬೀಳಬಾರದು. ಪಿನ್ನಿನಿಂದ ಚುಚ್ಚಿದರೆ ಜಾಲರಿ ಹರಿದು ಡ್ರೈವರ್ ಹೋಗುತ್ತದೆ. ತುದಿಯನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

ಒಂದು ಬಡ್ ಚಾರ್ಜೇ ಆಗದಿದ್ದರೆ ಕೇಸಿನ ಪಿನ್ ಮತ್ತು ಬಡ್‌ನ ಹೊಳೆಯುವ ಚುಕ್ಕೆಗಳ ಮೇಲೆ ಬೆವರಿನ ಕಪ್ಪು ಪೊರೆ ಇದೆಯೇ ನೋಡಿ. ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಮಾಡಿಕೊಂಡು ಒರೆಸಿದರೆ ಹೋಗುತ್ತದೆ. ಎರಡರಲ್ಲಿ ಒಂದೇ ಜೋಡಣೆಯಾದರೆ ಫೋನಿನ ಬ್ಲೂಟೂತ್ ಪಟ್ಟಿಯಿಂದ ಅದರ ಹೆಸರು ಅಳಿಸಿ, ಎರಡನ್ನೂ ಕೇಸಿಗಿಟ್ಟು, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಗುಂಡಿ ಒತ್ತಿ ರೀಸೆಟ್ ಮಾಡಿ, ಹೊಸದಾಗಿ ಜೋಡಿಸಿ.

ಕೇಸೇ ಚಾರ್ಜ್ ಆಗುತ್ತಿಲ್ಲವೇ? ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲ್ ಬಳಸುತ್ತಿದ್ದರೆ, ಒಂದು ತುದಿಯಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ. ಸಿ-ಇಂದ-ಸಿ ಕೇಬಲ್‌ನಲ್ಲಿ, ಎದುರಿಗೆ ಸಾಧನ ಇದೆ ಎಂದು ತಿಳಿಸುವ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಕೇಸಿನೊಳಗೆ ಇದ್ದರೆ ಮಾತ್ರ ಚಾರ್ಜರ್ ವಿದ್ಯುತ್ ಬಿಡುತ್ತದೆ. ಅಗ್ಗದ ಕೇಸುಗಳಲ್ಲಿ ಎಷ್ಟೋ ಸಲ ಆ ಎರಡು ರೆಸಿಸ್ಟರನ್ನೇ ಹಾಕಿರುವುದಿಲ್ಲ. ಹಳೆಯ ಕೇಬಲ್‌ಗೆ ಆ ಕಟ್ಟುಪಾಡಿಲ್ಲ.

ಬಳಸದೆ ಇಟ್ಟ ಬಡ್ಸನ್ನು ಒಂದೆರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಪೂರ್ತಿ ಬರಿದಾಗಿ ಉಳಿದರೆ ಬ್ಯಾಟರಿ ಮತ್ತೆ ಏಳದು. ಸ್ಕೂಟರ್ ಡಿಕ್ಕಿಯಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ. ಕೇಸು ಉಬ್ಬಿ ಮುಚ್ಚಳದ ಸಂದಿ ಅಗಲವಾಗಿದ್ದರೆ ಒಳಗಿನ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಬಿಚ್ಚಬೇಡಿ. ಕಸದ ಬುಟ್ಟಿಗೂ ಎಸೆಯದೆ, ಬೆಂಕಿ ಹತ್ತದ ಜಾಗದಲ್ಲಿ ಬೇರೆಯಾಗಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.